ಕ್ಯಾಚ್‌ಮೆಂಟ್: ನೀರು ಹರಿದುಬರುವ ನೆಲ

ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಬೆಳಗ್ಗೆ ಬಯಲುಸೀಮೆಯ ಹಳ್ಳಿಗರು ಕೆರೆಯ ಏರಿಯ ಮೇಲೆ ಸೇರುವುದುಂಟು. ನಿನ್ನೆಯವರೆಗೂ ಬಿರುಕುಬಿಟ್ಟು ಒಣಗಿದ್ದ ಕೆರೆಯಂಗಳದಲ್ಲಿ ಇಂದು ಕೆಂಪು ನೀರು ಮೊಣಕಾಲುದ್ದ ನಿಂತಿರುತ್ತದೆ. “ಒಳ್ಳೆಯ ಮಳೆ ಬಂತು, ಕೆರೆಗೆ ನೀರು ಬಂತು” ಎಂದು ಅವರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಈ ಮಾತಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದಾಗಿ ಬೆರೆತಿವೆ. ಮಳೆ ಬರುವುದು ಒಂದು, ಕೆರೆಗೆ ನೀರು ಬರುವುದು ಇನ್ನೊಂದು. ಮೊದಲನೆಯದು ನಡೆದು ಎರಡನೆಯದು ನಡೆಯದಿರುವುದೂ ಸಾಧ್ಯ.

ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಿದರೆ ಇದು ತಿಳಿಯುತ್ತದೆ. ಕೆರೆಯ ವಿಸ್ತಾರ 20 ಹೆಕ್ಟೇರ್ ಎಂದಿಟ್ಟುಕೊಳ್ಳೋಣ. ಅಂದರೆ ಸುಮಾರು 50 ಎಕರೆ. ರಾತ್ರಿ 50 ಮಿಲಿಮೀಟರ್ ಮಳೆಯಾಯಿತು. ಕೆರೆಯಂಗಳದ ಮೇಲೆಯೇ ನೇರವಾಗಿ ಬಿದ್ದ ಮಳೆಯಿಂದ ನಿಂತ ನೀರಿನ ಎತ್ತರ ಬರಿಯ 5 ಸೆಂಟಿಮೀಟರ್. ಅಷ್ಟು ನೀರು ಒಣಗಿದ ಕೆರೆಯ ಬಿರುಕುಗಳನ್ನು ತುಂಬುವುದಕ್ಕೂ ಸಾಲದು. ಆದರೆ ಆ ಕೆರೆಯ ಕಡೆಗೆ ಇಳಿಜಾರಾಗಿರುವ ಹೊಲ, ಗೋಮಾಳ, ಗುಡ್ಡ, ಕುರುಚಲು ಕಾಡು ಇವೆಲ್ಲ ಸೇರಿ 10 ಚದರ ಕಿಲೋಮೀಟರ್ ಇದೆಯೆನ್ನೋಣ. ಅದರ ಮೇಲೆಯೂ ಅಷ್ಟೇ ಮಳೆ ಬಿದ್ದಿದೆ. ಅದರಲ್ಲಿ ಹೆಚ್ಚಿನ ಪಾಲು ನೆಲಕ್ಕೆ ಇಂಗಿ, ಐದರಲ್ಲಿ ಒಂದು ಪಾಲು ಮಾತ್ರ ಹಳ್ಳಗಳನ್ನು ಹಿಡಿದು ಹರಿದುಬಂದರೂ ಕೆರೆಗೆ ಸೇರುವ ನೀರು 1 ಲಕ್ಷ ಘನಮೀಟರ್. ಕೆರೆಯ ನೀರು ಒಂದೇ ರಾತ್ರಿಯಲ್ಲಿ ಅರ್ಧ ಮೀಟರ್ ಏರುತ್ತದೆ. ಏರಿಯ ಮೇಲೆ ನಿಂತವರ ಕಣ್ಣಿಗೆ ಬೀಳುವುದು ಕೆರೆ. ಅದನ್ನು ತುಂಬಿದ್ದು ಅವರ ಕಣ್ಣಿಗೆ ಬೀಳದ ಆ ಹತ್ತು ಚದರ ಕಿಲೋಮೀಟರ್ ನೆಲ.

ಹೀಗೆ ಒಂದು ಕೆರೆಗಾಗಲಿ, ನದಿಗಾಗಲಿ, ಜಲಾಶಯಕ್ಕಾಗಲಿ ಯಾವ ಯಾವ ನೆಲದ ಮೇಲೆ ಬಿದ್ದ ಮಳೆ ಹರಿದು ಬಂದು ಸೇರುತ್ತದೆಯೋ ಆ ಎಲ್ಲ ನೆಲಕ್ಕೂ ಒಟ್ಟಾಗಿ ಇಂಗ್ಲಿಷಿನಲ್ಲಿ ‘ಕ್ಯಾಚ್‌ಮೆಂಟ್’ ಎಂಬ ಹೆಸರಿದೆ. ‘ಕ್ಯಾಚ್‌ಮೆಂಟ್ ಏರಿಯಾ’ ಎಂದು ಎರಡು ಪದಗಳನ್ನು ಕೂಡಿಸಿ ಹೇಳುವುದೂ ವಾಡಿಕೆ. ನಮ್ಮ ಲೋಕೋಪಯೋಗಿ ಮತ್ತು ನೀರಾವರಿ ಇಲಾಖೆಗಳ ಎಂಜಿನಿಯರುಗಳ ಬಾಯಲ್ಲಿ ಈ ಪದ ಬಹುಕಾಲದಿಂದ ಬಳಕೆಯಲ್ಲಿದೆ. ಅವರಿಂದ ಕಂಟ್ರಾಕ್ಟುದಾರರಿಗೂ ರೈತರಿಗೂ ಪತ್ರಿಕೆಗಳಿಗೂ ಅದು ಹರಡಿತು.

ಕ್ರಿಕೆಟ್ ಆಟವನ್ನು ಬಲ್ಲ ಯಾವ ವಿದ್ಯಾರ್ಥಿಗೂ ‘ಕ್ಯಾಚ್’ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಹಿಡಿಯುವುದು ಎಂಬ ಆ ಕ್ರಿಯಾಪದಕ್ಕೆ ‘ಮೆಂಟ್’ ಎಂಬ ಪ್ರತ್ಯಯ ಸೇರಿ ನಾಮಪದವಾಗಿದೆ. ‘ಪೇ’ ಎಂಬುದು ‘ಪೇಮೆಂಟ್’ ಆದ ಹಾಗೆ. ಈ ‘ಕ್ಯಾಚ್’ ಎಂಬುದರ ಪೂರ್ವಚರಿತ್ರೆ ಸ್ವಾರಸ್ಯವಾಗಿದೆ. ಸೆರೆಹಿಡಿ ಎಂಬರ್ಥದ ಒಂದು ಲ್ಯಾಟಿನ್ ಧಾತುವಿನಿಂದ ಹೊರಟು, ಉತ್ತರ ಫ್ರಾನ್ಸಿನ ಹಳೆಯ ಆಡುನುಡಿಯಲ್ಲಿ ಅದು ‘ಬೇಟೆಯಾಡು, ಬೆನ್ನಟ್ಟು’ ಎಂಬ ಅರ್ಥವನ್ನು ಪಡೆಯಿತು. ಅಲ್ಲಿಂದ ಇಂಗ್ಲೆಂಡಿಗೆ ಬಂದು ‘ಹಿಡಿ’ ಎಂಬ ಅರ್ಥದಲ್ಲಿ ನೆಲೆಸಿತು. ಫ್ರಾನ್ಸಿನ ಇನ್ನೊಂದು ಪ್ರಾಂತದ ಉಚ್ಚಾರಣೆಯಲ್ಲಿ ಅದೇ ಪದ ಮತ್ತೊಮ್ಮೆ ಇಂಗ್ಲಿಷಿಗೆ ಬಂದು ‘ಚೇಸ್’ ಆಯಿತು. ಅದಕ್ಕೆ ‘ಬೆನ್ನಟ್ಟು’ ಎಂಬ ಹಳೆಯ ಅರ್ಥವೇ ಉಳಿಯಿತು. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬಾತ ಬೆನ್ನಟ್ಟುವವನಾಗಿಯೂ ಇನ್ನೊಬ್ಬಾತ ಹಿಡಿಯುವವನಾಗಿಯೂ ಬೆಳೆದಂತೆ. ‘ಕ್ಯಾಚ್‌ಮೆಂಟ್’ ಎಂಬ ರೂಪ ಮಾತ್ರ ಅಷ್ಟು ಹಳೆಯದಲ್ಲ. ಅದು 19ನೆಯ ಶತಮಾನದಲ್ಲಿ, ದೊಡ್ಡ ನಗರಗಳಿಗೆ ನೀರನ್ನು ಒದಗಿಸುವ ಚಿಂತೆ ಬ್ರಿಟನ್ನಿನ ಎಂಜಿನಿಯರುಗಳನ್ನು ಕಾಡತೊಡಗಿದ ಕಾಲದಲ್ಲಿ ರೂಢಿಗೆ ಬಂದ ಶಾಸ್ತ್ರೀಯ ಪದ. ಮಳೆಯನ್ನು ಹಿಡಿದುಕೊಡುವ ನೆಲ ಎಂಬುದು ಅದರ ಭಾವ.

ಕನ್ನಡದಲ್ಲಿ ಇದಕ್ಕೆ ‘ಜಲಾನಯನ ಪ್ರದೇಶ’ ಎಂಬ ಪದವನ್ನು ಬಳಸುತ್ತಾರೆ. ಇದನ್ನು ಓದುವಾಗ ‘ಜಲ’ ಮತ್ತು ‘ನಯನ’ ಎಂದು ಬಿಡಿಸಿ, ನೀರಿನ ಕಣ್ಣು ಎಂದೋ ಕಣ್ಣಿನ ನೀರು ಎಂದೋ ಅರ್ಥ ಮಾಡಿದ ವಿದ್ಯಾರ್ಥಿಗಳುಂಟು. ಹಾಗೆ ಬಿಡಿಸಿದರೆ ನಡುವಣ ದೀರ್ಘಕ್ಕೆ ಕಾರಣ ಸಿಗುವುದಿಲ್ಲ. ಜಲ, ಆನಯನ ಎಂಬ ಎರಡು ಪದಗಳು ಸೇರಿ ಸವರ್ಣದೀರ್ಘಸಂಧಿಯಾಗಿ ‘ಜಲಾನಯನ’ ಆಗಿದೆ. ‘ಆನಯನ’ ಎಂದರೆ ತರುವುದು. ಬಾಲಕನನ್ನು ಗುರುವಿನ ಸಮೀಪಕ್ಕೆ ಕರೆದೊಯ್ಯುವುದು ‘ಉಪನಯನ’ವಾದರೆ, ನೀರನ್ನು ತಂದುಕೊಡುವುದು ‘ಜಲಾನಯನ’. ಇಂಗ್ಲಿಷ್ ಪದ ನೆಲವನ್ನು ಹಿಡಿಯುವ ಕೈಯಂತೆ ಕಂಡರೆ ಕನ್ನಡ ಪದ ಅದನ್ನು ತರುವ ಆಳಿನಂತೆ ಕಂಡಿದೆ. ಎರಡರ ಗುರಿಯೂ ಒಂದೇ.

ಒಂದು ಜಲಾನಯನ ಎಲ್ಲಿಗೆ ಮುಗಿದು ಇನ್ನೊಂದು ಎಲ್ಲಿ ತೊಡಗುತ್ತದೆ? ಇದನ್ನು ನಿರ್ಧರಿಸುವುದು ನೆಲದ ಏಣು. ಮನೆಯ ಹೆಂಚಿನ ಮಾಡಿನ ನೆತ್ತಿಯ ಮೇಲೆ ಬಿದ್ದ ಮಳೆಹನಿ ಒಡೆದು ಅರ್ಧ ಮುಂದಿನ ಅಂಗಳಕ್ಕೂ ಅರ್ಧ ಹಿತ್ತಿಲಿಗೂ ಇಳಿಯುವಂತೆ, ಬೆಟ್ಟಸಾಲಿನ ನೆತ್ತಿಯ ಇಕ್ಕೆಲಗಳಲ್ಲಿ ನೀರು ಬೇರೆ ಬೇರೆ ಹಾದಿ ಹಿಡಿಯುತ್ತದೆ. ಆಗುಂಬೆಯ ಘಟ್ಟದಲ್ಲಿ ಪಶ್ಚಿಮಕ್ಕೆ ಬಿದ್ದ ಮಳೆ ಕೆಲವೇ ಗಂಟೆಗಳ ಪಯಣದಲ್ಲಿ ಅರಬ್ಬೀ ಸಮುದ್ರದತ್ತ ಧಾವಿಸುತ್ತದೆ. ಅಲ್ಲಿಂದ ಸ್ವಲ್ಪವೇ ಪೂರ್ವಕ್ಕೆ ಬಿದ್ದದ್ದು ತುಂಗೆಯನ್ನು ಸೇರಿ, ತುಂಗಭದ್ರೆಯಾಗಿ, ಕೃಷ್ಣೆಯಾಗಿ, ಇಡೀ ದಕ್ಷಿಣಾಪಥವನ್ನು ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇಂಥ ಏಣನ್ನು ಕಾಣಲು ಘಟ್ಟಕ್ಕೇ ಹೋಗಬೇಕೆಂದಿಲ್ಲ. ಬೆಂಗಳೂರು ನಗರ ಕುಳಿತಿರುವುದೇ ಅಂಥ ಒಂದು ದಿಬ್ಬದ ಮೇಲೆ. ಅದರ ಪಶ್ಚಿಮದ ಬಡಾವಣೆಗಳ ನೀರು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೂ, ಪೂರ್ವದ ಬಡಾವಣೆಗಳ ನೀರು ದಕ್ಷಿಣ ಪಿನಾಕಿನಿಗೂ ಸೇರುತ್ತದೆ. ನೆರೆಯ ಎರಡು ಬೀದಿಗಳ ಚರಂಡಿಗಳು ಎರಡು ಬೇರೆ ನದಿಗಳ ಪಾಲಾಗಿರುವುದನ್ನು ಅಲ್ಲಿ ವಾಸಿಸುವವರೇ ಅರಿಯರು.

ಈ ಏಣಿಗೆ ಇಂಗ್ಲಿಷಿನಲ್ಲಿ ‘ವಾಟರ್‌ಷೆಡ್’ ಎಂಬ ಹೆಸರಿದೆ. ಇಲ್ಲಿಯೇ ಒಂದು ತೊಡಕು ಹುಟ್ಟಿಕೊಂಡಿದೆ. ಬ್ರಿಟಿಷರ ಹಳೆಯ ಬಳಕೆಯಲ್ಲಿ ‘ವಾಟರ್‌ಷೆಡ್’ ಎಂದರೆ ನೀರನ್ನು ಬೇರ್ಪಡಿಸುವ ಗೆರೆ, ಅಂದರೆ ಜಲವಿಭಾಜಕ. ಅಮೆರಿಕದಲ್ಲಿಯಾದರೋ ಅದೇ ಪದಕ್ಕೆ ಆ ಗೆರೆಯ ಒಳಗಿನ ನೆಲವೆಲ್ಲವೂ ಎಂಬ ಅರ್ಥ ಬಂದಿದೆ. ಬೇಲಿಯ ಹೆಸರನ್ನು ತೋಟಕ್ಕೇ ಇಟ್ಟಂತೆ. ನ್ಯೂಯಾರ್ಕ್ ನಗರಕ್ಕೆ ನೀರನ್ನು ಕೊಡುವ ಬೆಟ್ಟಗಾಡನ್ನು ಅಲ್ಲಿನವರು ಆ ನಗರದ ವಾಟರ್‌ಷೆಡ್ ಎನ್ನುತ್ತಾರೆ. ಇಂಗ್ಲೆಂಡಿನಲ್ಲಿಯೋ ಆಸ್ಟ್ರೇಲಿಯದಲ್ಲಿಯೋ ಅಂಥದೇ ನೆಲಕ್ಕೆ ಕ್ಯಾಚ್‌ಮೆಂಟ್ ಎಂದು ಹೆಸರು. ನಮ್ಮ ದೇಶಕ್ಕೆ ಎರಡು ಪದಗಳೂ ಬಂದಿವೆ. ಜಲಾಶಯ ಕಟ್ಟುವ ಎಂಜಿನಿಯರು ‘ಕ್ಯಾಚ್‌ಮೆಂಟ್’ ಎನ್ನುತ್ತಾರೆ. ಹೊಲಗಳಿಗೆ ಬದು ಹಾಕಿಸುವ ಕೃಷಿ ಅಧಿಕಾರಿ ‘ವಾಟರ್‌ಷೆಡ್’ ಎನ್ನುತ್ತಾರೆ. ಕನ್ನಡದಲ್ಲಿ ಬರೆಯುವಾಗ ಇಬ್ಬರೂ ‘ಜಲಾನಯನ’ ಎಂದೇ ಬರೆಯುತ್ತಾರೆ. ಇಲ್ಲಿ ಕನ್ನಡವೇ ಹೆಚ್ಚು ಸರಳವಾಗಿದೆಯೆನ್ನಬೇಕು.

ಇನ್ನೊಂದು ಪದವನ್ನು ಮಾತ್ರ ಇದರೊಡನೆ ಬೆರೆಸಕೂಡದು. ಅದು ‘ಅಚ್ಚುಕಟ್ಟು’. ಕೆರೆಯ ಏರಿಯ ಮೇಲೆ ನಿಂತಾಗ ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಗದ್ದೆ. ತೂಬಿನಿಂದ ಹೊರಟ ಕಾಲುವೆ ಯಾವ ಗದ್ದೆ ತೋಟಗಳಿಗೆ ನೀರುಣಿಸುತ್ತದೆಯೋ ಅವೆಲ್ಲವೂ ಆ ಕೆರೆಯ ಅಚ್ಚುಕಟ್ಟು. ಎಂಜಿನಿಯರುಗಳು ಇದನ್ನು ‘ಕಮಾಂಡ್ ಏರಿಯಾ’ ಎನ್ನುವರು. ಜಲಾನಯನ ಕೆರೆಗೆ ಕೊಡುವ ನೆಲ, ಅಚ್ಚುಕಟ್ಟು ಕೆರೆಯಿಂದ ಪಡೆಯುವ ನೆಲ, ನಡುವೆ ಕೆರೆ. ನಮ್ಮ ಹಿರಿಯರು ಅಚ್ಚುಕಟ್ಟಿನ ವಿಷಯದಲ್ಲಿ ಬಹಳ ಎಚ್ಚರವಾಗಿದ್ದರು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು ಎಂಬುದನ್ನು ನೋಡಿಕೊಳ್ಳಲು ನೀರುಗಂಟಿಯನ್ನು ನೇಮಿಸಿದ್ದರು. ಜಲಾನಯನಕ್ಕೆ ಮಾತ್ರ ಅಂಥ ಕಾವಲುಗಾರ ಇರಲಿಲ್ಲ. ಅಲ್ಲಿನ ಹೊಲಗಳು ಬೇರೆ ಊರಿನವರವು, ಗುಡ್ಡಗಳು ಸರ್ಕಾರದವು. ಅವರು ತಮ್ಮ ನೆಲದಲ್ಲಿ ಏನು ಮಾಡಿದರೂ ಕೆಳಗಿನ ಗದ್ದೆಯವನು ಕೇಳುವಂತಿರಲಿಲ್ಲ. ಅವನ ಭತ್ತದ ಪೈರು ಮಾತ್ರ ಅದನ್ನೇ ನೆಚ್ಚಿಕೊಂಡಿತ್ತು.

ಕೆರೆಗಳು ಸರಪಣಿಯಾಗಿರುವ ಕಡೆ ಈ ಸಂಬಂಧ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ ಬರುತ್ತದೆ, ಬೀಳದಿದ್ದರೆ ಬರುವುದಿಲ್ಲ. ಮೈಸೂರು ಸಂಸ್ಥಾನಕ್ಕೂ ಮದರಾಸು ಪ್ರಾಂತಕ್ಕೂ 1892ರಲ್ಲಿ ಆದ ಒಪ್ಪಂದದ ಹಿನ್ನೆಲೆಯಲ್ಲಿದ್ದದ್ದೂ ಇದೇ ಚಿಂತೆ. ಗೊತ್ತುಪಡಿಸಿದ ನದಿಗಳಿಗೆ ಅಡ್ಡಲಾಗಿ ಹೊಸ ಜಲಾಶಯಗಳನ್ನು ಕಟ್ಟುವ ಮುನ್ನ ಮೈಸೂರು ಮದರಾಸಿನ ಒಪ್ಪಿಗೆ ಪಡೆಯಬೇಕೆಂದು ಅದರಲ್ಲಿ ಗೊತ್ತಾಯಿತು. ಮೇಲಿನವರ ನೆಲದಲ್ಲಿ ನಿಂತ ನೀರು ಕೆಳಗಿನವರಿಗೆ ಬಾರದ ನೀರು ಎಂಬ ಭಯ ಎರಡು ಸರ್ಕಾರಗಳ ನಡುವಣ ಪತ್ರವ್ಯವಹಾರವಾಯಿತು.

ಜಲಾನಯನ ದೊಡ್ಡದಾಗಿದ್ದಷ್ಟೂ ನೀರು ಹೆಚ್ಚು ಎಂದು ಊಹಿಸುವುದು ಸಹಜ. ಆದರೆ ಅದು ಯಾವಾಗಲೂ ನಿಜವಲ್ಲ. ಹಿರಿಯೂರಿನ ಬಳಿ ಎರಡು ಬೆಟ್ಟಗಳ ನಡುವಣ ಕಿರಿದಾದ ಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯ ಅಣೆಕಟ್ಟು ನಿಂತಿದೆ. 1898ರಲ್ಲಿ ತೊಡಗಿ 1907ರ ವೇಳೆಗೆ ಮುಗಿದ ಈ ಜಲಾಶಯಕ್ಕೆ ವಾಣಿವಿಲಾಸ ಸಾಗರ ಎಂದು ಹೆಸರು. ಇದರ ಜಲಾನಯನ 5,000 ಚದರ ಕಿಲೋಮೀಟರಿಗೂ ಮಿಕ್ಕಿದ್ದು. ಅಷ್ಟಿದ್ದರೂ ಅದು ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಹಾಗೆ ತುಂಬಿದ್ದು 89 ವರ್ಷಗಳ ಮೇಲೆ, 2022ರಲ್ಲಿ. ಮೊದಲ ಸಲ ಕೋಡಿ ಹರಿದದ್ದನ್ನು ಕಂಡ ಮಗು ಎರಡನೆಯ ಸಲ ಕಾಣಬೇಕಾದರೆ ತೊಂಬತ್ತರ ಮುದುಕನಾಗಬೇಕಾಯಿತು. ಕೃಷ್ಣರಾಜಸಾಗರದ ಜಲಾನಯನ 10,619 ಚದರ ಕಿಲೋಮೀಟರ್. ಇದರ ಸುಮಾರು ಎರಡರಷ್ಟು. ಆದರೆ ಕನ್ನಂಬಾಡಿಯ ಕಟ್ಟೆ ತುಂಬುವುದು ಅಂಥ ಅಪರೂಪದ ಸಂಗತಿಯಲ್ಲ. ಒಳ್ಳೆಯ ಮುಂಗಾರಿನ ವರ್ಷಗಳಲ್ಲಿ ಅದು ತುಂಬುತ್ತಲೇ ಇರುತ್ತದೆ.

ಈ ವ್ಯತ್ಯಾಸಕ್ಕೆ ಕಾರಣ ನೆಲದ ಅಳತೆಯಲ್ಲಿಲ್ಲ, ನೆಲದ ಗುಣದಲ್ಲಿದೆ. ಕಾವೇರಿಯೂ ಹೇಮಾವತಿಯೂ ಲಕ್ಷ್ಮಣತೀರ್ಥವೂ ಹುಟ್ಟುವುದು ಮುಂಗಾರಿನ ಮೋಡಗಳು ಬಂದು ಢಿಕ್ಕಿ ಹೊಡೆಯುವ ಮಲೆನಾಡಿನಲ್ಲಿ. ವೇದಾವತಿಯ ಮೂಲವೂ ಬಾಬಾಬುಡನ್‌ಗಿರಿಯ ಸಾಲಿನಲ್ಲಿದೆ, ನಿಜ. ಆದರೆ ಬೆಟ್ಟವಿಳಿದೊಡನೆ ಅದು ಮಳೆ ವಿರಳವಾದ ಬಯಲಿಗೆ ಬರುತ್ತದೆ. ಅದರ ಮೇಲಣ ಕವಲುಗಳಿಗೆ ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ, ಕಡೂರಿನ ಕಡೆಯ ಮದಗದ ಕೆರೆ ಮುಂತಾದ ಹಳೆಯ ಕೆರೆಗಳು ಅಡ್ಡವಾಗಿವೆ. ಇವೆಲ್ಲ ತಮ್ಮ ಪಾಲನ್ನು ಉಂಡು ಮಿಕ್ಕದ್ದನ್ನು ಮಾತ್ರ ಮುಂದಕ್ಕೆ ಬಿಡುತ್ತವೆ. ಇದನ್ನು ತಪ್ಪೆನ್ನುವಂತಿಲ್ಲ; ಅಣೆಕಟ್ಟಿಗಿಂತ ಅವು ಎಷ್ಟೋ ಹಿರಿಯವು. 2022ರಲ್ಲಿ ಮಾರಿಕಣಿವೆ ತುಂಬಿದ್ದಕ್ಕೆ ಆ ವರ್ಷದ ಭಾರಿ ಮಳೆಯ ಜೊತೆಗೆ ಇನ್ನೊಂದು ಕಾರಣವೂ ಇತ್ತು. ಭದ್ರಾ ಮೇಲ್ದಂಡೆ ಯೋಜನೆಯ ಮೂಲಕ ಭದ್ರೆಯ ನೀರನ್ನು ಮೇಲೆತ್ತಿ ಆ ಕಡೆಗೆ ಹರಿಸುವುದು ಅದಕ್ಕೆ ಕೆಲವು ವರ್ಷ ಮೊದಲೇ ಆರಂಭವಾಗಿತ್ತು. ಒಂದು ಜಲಾನಯನದ ನೀರನ್ನು ಏಣು ದಾಟಿಸಿ ಇನ್ನೊಂದಕ್ಕೆ ಕೊಟ್ಟದ್ದು ಅದು. ನೀರು ತಾನಾಗಿ ಮಾಡದ ಕೆಲಸವನ್ನು ಪಂಪು ಮಾಡುತ್ತದೆ. ಅದಕ್ಕೆ ವಿದ್ಯುಚ್ಛಕ್ತಿ ಬೇಕು, ಅಷ್ಟೆ.

ಮಳೆಯೂ ಇದ್ದು, ನೆಲವೂ ಅಷ್ಟೇ ಇದ್ದು, ನೀರು ಬಾರದಿರುವ ಪ್ರಸಂಗ ಇವೆಲ್ಲಕ್ಕಿಂತ ವಿಚಾರಣೀಯವಾದುದು. ನಂದಿಬೆಟ್ಟದ ಕಡೆ ಹುಟ್ಟುವ ಅರ್ಕಾವತಿಯೂ ಕುಮುದ್ವತಿಯೂ ಕೂಡುವಲ್ಲಿ, ಬೆಂಗಳೂರಿನ ಪಶ್ಚಿಮಕ್ಕೆ, ತಿಪ್ಪಗೊಂಡನಹಳ್ಳಿಯ ಜಲಾಶಯವಿದೆ. ಅದಕ್ಕೆ ಚಾಮರಾಜಸಾಗರವೆಂದೂ ಹೆಸರು. 1933ರಲ್ಲಿ ಇದು ಬೆಂಗಳೂರಿಗೆ ನೀರುಣಿಸತೊಡಗಿತು. ಕಾವೇರಿಯ ನೀರು 1974ರಲ್ಲಿ ನಗರಕ್ಕೆ ಬರುವವರೆಗೂ ಬೆಂಗಳೂರಿನ ಬಹುಪಾಲು ಜನ ಕುಡಿದದ್ದು ಇದೇ ನೀರನ್ನು. ಅನಂತರದ ದಶಕಗಳಲ್ಲಿ ಈ ಜಲಾಶಯಕ್ಕೆ ಬರುವ ನೀರು ಇಳಿಯುತ್ತ ಹೋಯಿತು. ಬಂದ ನೀರೂ ಮಲಿನವಾಗತೊಡಗಿತು. 2012ರ ಸುಮಾರಿಗೆ ಇಲ್ಲಿಂದ ನಗರಕ್ಕೆ ನೀರು ಪೂರೈಸುವುದೇ ನಿಂತುಹೋಯಿತು.

ಮಳೆ ಕಡಿಮೆಯಾದುದೇ ಇದಕ್ಕೆ ಕಾರಣವೆಂದು ಜನ ಹೇಳಿಕೊಳ್ಳುವುದು ಸಹಜ. ಮುಗಿಲನ್ನು ದೂರಿದರೆ ಯಾರೂ ಎದುರು ಮಾತನಾಡುವುದಿಲ್ಲ. ಅರ್ಕಾವತಿಯನ್ನು ಕುರಿತು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಂಶೋಧಕರು ಒಂದೊಂದು ಕಾರಣವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ ನೋಡಿದರು. ಮಳೆಯ ಏರುಪೇರು ಈ ಇಳಿತಕ್ಕೆ ಮುಖ್ಯ ಕಾರಣವಾಗಿ ಕಂಡುಬರಲಿಲ್ಲ. ಕೊಳವೆಬಾವಿಗಳಿಂದ ಅಂತರ್ಜಲವನ್ನು ಎಗ್ಗಿಲ್ಲದೆ ಮೇಲೆತ್ತಿದ್ದು, ರಾಗಿಯ ಹೊಲಗಳಿದ್ದ ಕಡೆ ನೀಲಗಿರಿ ತೋಪುಗಳು ಬೆಳೆದದ್ದು ಇವೇ ಹೆಚ್ಚಿನ ಕಾರಣಗಳಾಗಿ ತೋರಿದವು. ಇದು ಹೇಗೆಂಬುದನ್ನು ಅರಿಯಬೇಕಾದರೆ, ಹಳ್ಳದಲ್ಲಿ ಹರಿಯುವ ನೀರೆಲ್ಲ ಮಳೆ ಬಿದ್ದೊಡನೆ ಮೇಲ್ಮೈಯ ಮೇಲೆಯೇ ಓಡಿಬರುವ ನೀರಲ್ಲ ಎಂಬುದನ್ನು ನೆನೆಯಬೇಕು. ಒಂದು ಪಾಲು ಮೊದಲು ಮಣ್ಣಿಗೆ ಇಂಗಿ, ಒಳಗೊಳಗೇ ಸರಿದು, ತಗ್ಗಿನಲ್ಲಿ ಒರತೆಯಾಗಿ ಹೊರಬರುತ್ತದೆ. ಮಳೆ ನಿಂತ ಮೇಲೂ ಹಳ್ಳ ತಿಂಗಳುಗಟ್ಟಲೆ ಹರಿಯುವುದು ಇದರಿಂದ. ನೆಲದೊಳಗಿನ ನೀರು ನೂರಾರು ಅಡಿ ಕೆಳಕ್ಕೆ ಇಳಿದುಹೋದರೆ ಒರತೆ ಬತ್ತುತ್ತದೆ. ಅಷ್ಟೇ ಅಲ್ಲ, ಹಳ್ಳದ ಪಾತ್ರವೇ ಬಾಯಾರಿದ ನೆಲವಾಗಿ, ಮೇಲಿನಿಂದ ಬಂದ ನೀರನ್ನೂ ಹೀರಿಕೊಂಡುಬಿಡುತ್ತದೆ. ಜಲಾಶಯದ ಕಟ್ಟೆಯಲ್ಲಿ ಒಂದು ಕಲ್ಲೂ ಸಡಿಲವಾಗದೆ, ನಕ್ಷೆಯಲ್ಲಿ ಜಲಾನಯನದ ಗೆರೆ ಒಂದು ಅಂಗುಲವೂ ಸರಿಯದೆ, ಜಲಾನಯನ ಇಲ್ಲವಾಗುವ ಬಗೆ ಇದು. ಈ ಪ್ರದೇಶವನ್ನು ಕಾಪಾಡಲು ರಾಜ್ಯ ಸರ್ಕಾರ 2003ರಲ್ಲಿ ಆದೇಶ ಹೊರಡಿಸಿ, ಅದನ್ನು ವಲಯಗಳಾಗಿ ವಿಂಗಡಿಸಿ, ಕಟ್ಟಡಗಳಿಗೂ ಕಾರ್ಖಾನೆಗಳಿಗೂ ನಿರ್ಬಂಧಗಳನ್ನು ವಿಧಿಸಿತು. ಅಷ್ಟು ಹೊತ್ತಿಗೆ ಜಲಾಶಯಕ್ಕೆ 70 ವರ್ಷ ತುಂಬಿತ್ತು.

ಇಲ್ಲಿಯವರೆಗೆ ಹೇಳಿದ್ದು ನೀರಿನ ಮಾತು. ‘ಕ್ಯಾಚ್‌ಮೆಂಟ್’ ಎಂಬ ಪದಕ್ಕೆ 20ನೆಯ ಶತಮಾನದ ನಡುಭಾಗದಲ್ಲಿ ಮತ್ತೊಂದು ಅರ್ಥ ಬೆಳೆಯಿತು. ನೀರು ಕೆರೆಗೆ ಹರಿದುಬರುವಂತೆಯೇ ಮಕ್ಕಳು ಶಾಲೆಗೆ, ರೋಗಿಗಳು ಆಸ್ಪತ್ರೆಗೆ ಸುತ್ತಣ ಊರುಗಳಿಂದ ಬಂದು ಸೇರುತ್ತಾರಲ್ಲವೆ? ಆ ಊರುಗಳೆಲ್ಲ ಒಟ್ಟಾಗಿ ಆ ಶಾಲೆಯ, ಆ ಆಸ್ಪತ್ರೆಯ ಕ್ಯಾಚ್‌ಮೆಂಟ್ ಎನಿಸಿದವು. ಅಮೆರಿಕದಲ್ಲಿ 1963ರ ಒಂದು ಕಾನೂನಿನಂತೆ ಮಾನಸಿಕ ರೋಗಿಗಳಿಗಾಗಿ ಊರೂರಿನಲ್ಲಿ ಚಿಕಿತ್ಸಾ ಕೇಂದ್ರಗಳನ್ನು ತೆರೆಯಲು ಹೊರಟಾಗ, ಒಂದೊಂದು ಕೇಂದ್ರದ ಕ್ಯಾಚ್‌ಮೆಂಟಿನಲ್ಲಿ 75,000ಕ್ಕೆ ಕಡಿಮೆಯಿಲ್ಲದ, 2 ಲಕ್ಷಕ್ಕೆ ಮೀರದ ಜನರಿರಬೇಕೆಂದು ನಿಯಮ ಮಾಡಿದರು. ಎಂಜಿನಿಯರರ ಪದ ವೈದ್ಯರ ಕಡತಕ್ಕೆ ಹೀಗೆ ಸೇರಿತು. ವರ್ತಕರೂ ಇದನ್ನು ಬಿಡಲಿಲ್ಲ. ತಮ್ಮ ಅಂಗಡಿಗೆ ಯಾವ ಯಾವ ಬಡಾವಣೆಗಳಿಂದ ಗಿರಾಕಿಗಳು ಬರುತ್ತಾರೋ ಅದು ತಮ್ಮ ಕ್ಯಾಚ್‌ಮೆಂಟ್ ಎನ್ನತೊಡಗಿದರು.

ಇಂಗ್ಲೆಂಡಿನಲ್ಲಿ ಮಕ್ಕಳ ತಂದೆತಾಯಿಗಳಿಗೆ ಈ ಪದ ನಿತ್ಯದ ಚಿಂತೆ. ಒಳ್ಳೆಯ ಹೆಸರಿರುವ ಶಾಲೆಗೆ ಸ್ಥಳಕ್ಕಿಂತ ಹೆಚ್ಚು ಅರ್ಜಿಗಳು ಬಂದಾಗ ಅದರ ಕ್ಯಾಚ್‌ಮೆಂಟಿನೊಳಗೆ ಮನೆಯಿರುವ ಮಕ್ಕಳಿಗೆ ಮೊದಲ ಪ್ರಾಶಸ್ತ್ಯ ಕೊಡುವುದು ಅಲ್ಲಿ ಎಷ್ಟೋ ಕಡೆ ರೂಢಿ. ಅದರಿಂದಾಗಿ ಅಂಥ ಶಾಲೆಗಳ ಸುತ್ತಣ ಮನೆಗಳ ಬೆಲೆ ಏರುತ್ತದೆ. ಗೆರೆಯ ಈಚೆಯ ಮನೆಯೊಂದು ಆಚೆಯ ಮನೆಗಿಂತ ದುಬಾರಿಯಾಗುತ್ತದೆ. ಫೀಜಿಲ್ಲದ ಶಾಲೆಗೆ ಹೀಗೆ ಮನೆಯ ಬೆಲೆಯ ರೂಪದಲ್ಲಿ ಫೀಜು ತೆರಬೇಕಾಗುತ್ತದೆ. ಬಡವನಿಗೆ ಅದೂ ಸಾಧ್ಯವಿಲ್ಲ. ಗೆರೆ ಎಲ್ಲಿರಬೇಕು ಎಂಬುದು ಅಲ್ಲಿ ನ್ಯಾಯಾಲಯದವರೆಗೂ ಹೋಗಿದೆ. ಲಂಡನ್ನಿನ ಗ್ರೀನಿಚ್ ಪ್ರದೇಶಕ್ಕೆ ಸಂಬಂಧಿಸಿದ 1989ರ ತೀರ್ಪೊಂದರಲ್ಲಿ, ಮಗು ಸ್ಥಳೀಯ ಆಡಳಿತದ ಎಲ್ಲೆಯ ಹೊರಗಿನದು ಎಂಬ ಒಂದೇ ಕಾರಣಕ್ಕೆ ಅದನ್ನು ಹಿಂದಕ್ಕೆ ತಳ್ಳಬಾರದೆಂದು ನ್ಯಾಯಾಲಯ ಹೇಳಿತು.

ನಮ್ಮಲ್ಲಿ ಈ ಎರಡನೆಯ ಅರ್ಥಕ್ಕೆ ‘ಜಲಾನಯನ’ ಒಗ್ಗುವುದಿಲ್ಲ. ಶಾಲೆಗೆ ಬರುವುದು ಜಲವಲ್ಲ. ಕನ್ನಡದಲ್ಲಿ ‘ವ್ಯಾಪ್ತಿ’ ಎನ್ನುತ್ತಾರೆ, ಪೊಲೀಸು ಠಾಣೆಯ ಮಾತಾದರೆ ‘ಸರಹದ್ದು’ ಎನ್ನುತ್ತಾರೆ. 2009ರ ಶಿಕ್ಷಣ ಹಕ್ಕಿನ ಕಾಯಿದೆ ‘ನೆರೆಹೊರೆ’ ಎಂಬ ಸೊಗಸಾದ ಮಾತನ್ನು ಆರಿಸಿಕೊಂಡಿದೆ. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ 1 ಕಿಲೋಮೀಟರಿನೊಳಗೆ, ಆರರಿಂದ ಎಂಟನೆಯ ತರಗತಿಯವರಿಗೆ 3 ಕಿಲೋಮೀಟರಿನೊಳಗೆ ಶಾಲೆಯಿರಬೇಕೆಂದು ಅದರ ಮಾದರಿ ನಿಯಮಗಳು ಹೇಳುತ್ತವೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಯಲಿನಲ್ಲಿ 30,000 ಜನರಿಗೊಂದು, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ 20,000 ಜನರಿಗೊಂದು ಎಂಬ ಗಣನೆಯಿದೆ. ಒಂದನ್ನು ದೂರದಿಂದ ಅಳೆದಿದ್ದಾರೆ, ಇನ್ನೊಂದನ್ನು ತಲೆಯೆಣಿಕೆಯಿಂದ.

‘ವ್ಯಾಪ್ತಿ’ಗೂ ‘ಕ್ಯಾಚ್‌ಮೆಂಟಿ’ಗೂ ಒಂದು ಭೇದವಿದೆ. ವ್ಯಾಪ್ತಿ ಕಚೇರಿಯಿಂದ ಹೊರಗೆ ನೋಡುವ ಮಾತು. ನಮ್ಮ ಅಧಿಕಾರ ಎಲ್ಲಿಯವರೆಗೆ ಹರಡಿದೆ ಎಂಬುದು ಅದರ ದೃಷ್ಟಿ. ಕ್ಯಾಚ್‌ಮೆಂಟ್ ಹೊರಗಿನಿಂದ ಒಳಕ್ಕೆ ನೋಡುವ ಮಾತು. ಜನ ಎಲ್ಲಿಂದ ಬರುತ್ತಿದ್ದಾರೆ ಎಂಬುದು ಅದರ ಪ್ರಶ್ನೆ. ಅಧಿಕಾರಿ ನಕ್ಷೆಯಲ್ಲಿ ಎಳೆದ ಗೆರೆಯೂ ಜನ ನಿಜವಾಗಿ ಬರುವ ಎಲ್ಲೆಯೂ ಒಂದೇ ಆಗಿರಬೇಕಾಗಿಲ್ಲ. ವಾರದ ಸಂತೆಗೆ ಯಾರೂ ಗೆರೆ ಎಳೆಯುವುದಿಲ್ಲ. ಆದರೂ ಯಾವ ಊರಿನವರು ಯಾವ ಸಂತೆಗೆ ಹೋಗುತ್ತಾರೆಂಬುದು ಎಲ್ಲರಿಗೂ ತಿಳಿದಿರುತ್ತದೆ. ನೀರಿಗೆ ಇಳಿಜಾರನ್ನು ಬಿಟ್ಟರೆ ಬೇರೆ ದಾರಿಯಿಲ್ಲ. ಮನುಷ್ಯನಾದರೋ ಹತ್ತಿರದ್ದನ್ನು ಬಿಟ್ಟು ದೂರಕ್ಕೆ ಹೋಗಬಲ್ಲ, ಏಣನ್ನು ಹತ್ತಿ ಆಚೆಗೂ ಇಳಿಯಬಲ್ಲ.

ಈ ಭೇದ ಜೀವ ಮರಣದ ಪ್ರಶ್ನೆಯಾಗಿ ನಿಂತ ಒಂದು ಸಂದರ್ಭ ಲಂಡನ್ನಿನಲ್ಲಿ 1854ರಲ್ಲಿ ಒದಗಿತು. ಆ ವರ್ಷ ಆಗಸ್ಟ್ ಕೊನೆಯಲ್ಲಿ ಸೋಹೋ ಎಂಬ ಬಡಾವಣೆಯಲ್ಲಿ ಕಾಲರಾ ಎದ್ದು ಕೆಲವೇ ದಿನಗಳಲ್ಲಿ ನೂರಾರು ಜನರನ್ನು ಬಲಿ ತೆಗೆದುಕೊಂಡಿತು. ಒಟ್ಟು ಸತ್ತವರ ಸಂಖ್ಯೆ 600 ದಾಟಿತು. ಕೆಟ್ಟ ಗಾಳಿಯಿಂದ ಈ ರೋಗ ಬರುತ್ತದೆಂದು ಅಂದಿನ ಹೆಚ್ಚಿನ ವೈದ್ಯರು ನಂಬಿದ್ದರು. ಜಾನ್ ಸ್ನೋ ಎಂಬ ವೈದ್ಯ ಅದು ನೀರಿನಿಂದ ಬರುತ್ತದೆಂದು ಶಂಕಿಸಿದ. ಬ್ರಾಡ್ ಸ್ಟ್ರೀಟಿನಲ್ಲಿ ಕೈಯಿಂದ ಒತ್ತುವ ಒಂದು ಪಂಪಿತ್ತು. ಸತ್ತವರ ಮನೆಗಳನ್ನು ಸ್ನೋ ನಕ್ಷೆಯಲ್ಲಿ ಗುರುತಿಸಿದ. ಅನಂತರ ಆ ಪಂಪಿಗೂ ಸುತ್ತಣ ಇತರ ಪಂಪುಗಳಿಗೂ ಬೀದಿಯ ಹಾದಿಯಲ್ಲಿ ನಡೆದರೆ ಸಮದೂರವಾಗುವ ಬಿಂದುಗಳನ್ನು ಅಳೆದು, ಅವನ್ನು ಕೂಡಿಸಿ ಒಂದು ಗೆರೆ ಎಳೆದ. ಗೆರೆಯೊಳಗಿನವರಿಗೆ ಬ್ರಾಡ್ ಸ್ಟ್ರೀಟಿನ ಪಂಪೇ ಎಲ್ಲಕ್ಕಿಂತ ಹತ್ತಿರ. ಸಾವುಗಳು ಆ ಗೆರೆಯ ಒಳಗೆ ಒತ್ತಾಗಿದ್ದವು. ಹೊರಗೆ ಹೋದಂತೆ ವಿರಳವಾಗಿದ್ದವು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅವನು ಬರೆದದ್ದು ಒಂದು ಪಂಪಿನ ಕ್ಯಾಚ್‌ಮೆಂಟಿನ ನಕ್ಷೆ. ಆಗಿನ್ನೂ ಆ ಪದಕ್ಕೆ ಈ ಅರ್ಥ ಬಂದಿರಲಿಲ್ಲ. ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ತೆಗೆಸಿದರು. ಅಷ್ಟರಲ್ಲಿ ಬಹುಮಂದಿ ಊರು ಬಿಟ್ಟಿದ್ದರು, ರೋಗವೂ ತಾನಾಗಿ ಇಳಿಮುಖವಾಗಿತ್ತು.

ಗೆರೆಗೆ ಹೊಂದದ ಸಂಗತಿಗಳೂ ಇದ್ದವು. ಪಂಪಿನ ಸಮೀಪದಲ್ಲಿಯೇ ಒಂದು ಬಿಯರ್ ಕಾರ್ಖಾನೆಯಿತ್ತು. ಅಲ್ಲಿ 70ಕ್ಕೂ ಹೆಚ್ಚು ಆಳುಗಳು ಕೆಲಸ ಮಾಡುತ್ತಿದ್ದರು. ಅವರಲ್ಲಿ ಒಬ್ಬನೂ ಕಾಲರಾದಿಂದ ಸಾಯಲಿಲ್ಲ. ಸ್ನೋ ಹೋಗಿ ವಿಚಾರಿಸಿದಾಗ, ಅವರಿಗೆ ಕೆಲಸದ ವೇಳೆ ಕುಡಿಯಲು ಬಿಯರನ್ನೇ ಕೊಡುತ್ತಿದ್ದರೆಂದೂ, ಕಾರ್ಖಾನೆಗೆ ಅದರದೇ ಬಾವಿಯಿತ್ತೆಂದೂ ತಿಳಿಯಿತು. ಬಳಿಯ ಬಡವರ ದುಡಿಮೆಮನೆಯಲ್ಲಿ 535 ಜನರಿದ್ದರೂ ಸತ್ತವರು 5 ಮಂದಿ. ಅಲ್ಲಿಯೂ ಬೇರೆ ಬಾವಿಯಿತ್ತು. ಗೆರೆಯ ಒಳಗಿದ್ದೂ ಇವರು ಆ ಪಂಪಿಗೆ ಸೇರಿದವರಾಗಿರಲಿಲ್ಲ.

ಇದಕ್ಕೆ ತಿರುಗುಮುರುಗಾದ ಪ್ರಸಂಗ ಹ್ಯಾಂಪ್‌ಸ್ಟೆಡ್ಡಿನಲ್ಲಿ ಆಯಿತು. ಅದು ಸೋಹೋದಿಂದ ಹಲವು ಕಿಲೋಮೀಟರ್ ದೂರದ ಎತ್ತರದ ಊರು. ಅಲ್ಲಿ ಬೇರಾರಿಗೂ ಕಾಲರಾ ಇರಲಿಲ್ಲ. ಅಂಥ ಊರಿನಲ್ಲಿ ಒಬ್ಬ ವಿಧವೆ ಸೆಪ್ಟೆಂಬರ್ 2ರಂದು ಆ ರೋಗದಿಂದಲೇ ಸತ್ತಳು. ಸ್ನೋ ಆಕೆಯ ಮಗನನ್ನು ಕಂಡು ವಿಚಾರಿಸಿದ. ಆಕೆ ಹಿಂದೆ ಬ್ರಾಡ್ ಸ್ಟ್ರೀಟಿನಲ್ಲಿಯೇ ಇದ್ದವಳು. ಊರು ಬಿಟ್ಟು ಎಷ್ಟೋ ಕಾಲವಾಗಿದ್ದರೂ ಆ ಪಂಪಿನ ನೀರಿನ ರುಚಿಯನ್ನು ಬಿಡಲಾರದೆ, ಆ ಕಡೆಯಿಂದ ಬರುವ ಗಾಡಿಯಲ್ಲಿ ದಿನವೂ ಒಂದು ಸೀಸೆ ನೀರನ್ನು ತರಿಸಿಕೊಂಡು ಕುಡಿಯುತ್ತಿದ್ದಳು. ಆ ದಿನಗಳಲ್ಲಿ ಆಕೆಯನ್ನು ನೋಡಿಹೋಗಲು ಇಸ್ಲಿಂಗ್‌ಟನ್ನಿನಿಂದ ಸೋದರ ಸಂಬಂಧದ ಹುಡುಗಿಯೊಬ್ಬಳು ಬಂದಿದ್ದಳು. ಅವಳೂ ಅದೇ ಸೀಸೆಯ ನೀರನ್ನು ಕುಡಿದಳು. ತನ್ನ ಊರಿಗೆ ಮರಳಿದ ಮೇಲೆ ಅಲ್ಲಿ ಸತ್ತಳು. ಇಸ್ಲಿಂಗ್‌ಟನ್ನಿನ ಆ ಭಾಗದಲ್ಲಿಯೂ ಆಗ ಕಾಲರಾ ಇರಲಿಲ್ಲ.